ನಂಜು ಮತ್ತು ಹೆಪ್ಪು: ನಂಜನಗೂಡು–ತಿರುಮಕೂಡಲು ಸೀಮೆಯ ಶುಶ್ರೂಷಾ ಸಂಪ್ರದಾಯದ ಚಾರಿತ್ರಿಕ ಅವಲೋಕನ

ಕನ್ನಡದ ಜನಪದ ವೈದ್ಯವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಗಿಡಮೂಲಿಕೆ, ಮಂತ್ರ, ಹರಕೆ ಹಾಗೂ ನಾಟಿ ವೈದ್ಯರ ಮನೆತನಗಳ ಸುತ್ತ ನಡೆದಿವೆ. ರೋಗಿಯನ್ನು ಮನೆಯಲ್ಲಿ ನೋಡಿಕೊಳ್ಳುವ ಕ್ರಮ, ಅಂದರೆ ಅವರನ್ನು ಮಲಗಿಸುವ, ಉಣಿಸುವ, ನೀರು ಕೊಡುವ, ಮೈಕೈ ನೀವುವ, ಏಳಲು ಬಿಡುವ ಅಥವಾ ಬಿಡದಿರುವ ಕ್ರಮ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಇದು ಮದ್ದಿಗಿಂತ ಸಣ್ಣ ಸಂಗತಿ ಎಂಬ ಭಾವನೆ ಇದಕ್ಕೆ ಕಾರಣವಿರಬಹುದು. ಆದರೆ ದೊಡ್ಡ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಂಡು ಊರಿಗೆ ಮರಳಿದ ವ್ಯಕ್ತಿಯ ಅಳಿವು ಉಳಿವು ಕೆಲವೊಮ್ಮೆ ಈ ಸಣ್ಣ ಸಂಗತಿಯನ್ನೇ ಅವಲಂಬಿಸಿರುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಕಾಲಿನ ಆಳದ ಸಿರೆಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇದಕ್ಕೆ ಸ್ಪಷ್ಟ ನಿದರ್ಶನ. ವೈದ್ಯರು ಡೀಪ್ ವೇನ್ ಥ್ರಾಂಬೋಸಿಸ್ ಎಂದು ಕರೆಯುವ ಈ ಸ್ಥಿತಿಯಲ್ಲಿ ಮೀನಖಂಡದ ಅಥವಾ ತೊಡೆಯ ಸಿರೆಯಲ್ಲಿ ಕಟ್ಟಿಕೊಂಡ ಹೆಪ್ಪು ಕಳಚಿ, ಹೃದಯದ ಮೂಲಕ ಹಾದು ಶ್ವಾಸಕೋಶದ ರಕ್ತನಾಳವನ್ನು ಮುಚ್ಚಿದರೆ ಕೆಲವೇ ನಿಮಿಷಗಳಲ್ಲಿ ಸಾವು ಸಂಭವಿಸಬಹುದು.

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳನ್ನೊಳಗೊಂಡ ಕಪಿಲಾ ತೀರದ ಸೀಮೆಯು ಈ ವಿಷಯದ ಪರಿಶೀಲನೆಗೆ ವಿಶೇಷವಾಗಿ ಒದಗಿಬರುತ್ತದೆ. ರೋಗ ಮತ್ತು ಪರಿಹಾರಗಳ ಕಲ್ಪನೆಯೇ ಇಲ್ಲಿ ಕ್ಷೇತ್ರದ ಹೆಸರಾಗಿದೆ. ಈ ಸೀಮೆಯ ಜನರಾಡುವ ‘ನಂಜು’ ಮತ್ತು ‘ಹೆಪ್ಪು’ ಎಂಬೆರಡು ಪದಗಳ ಚರಿತ್ರೆಯ ಮೂಲಕ ಶಸ್ತ್ರಚಿಕಿತ್ಸೋತ್ತರ ಶುಶ್ರೂಷೆಯ ಸಂಪ್ರದಾಯವನ್ನು ಅರ್ಥೈಸಲು ಪ್ರಸ್ತುತ ಲೇಖನದಲ್ಲಿ ಪ್ರಯತ್ನಿಸಲಾಗಿದೆ.

ನಂಜು: ಪದ ಮತ್ತು ಪರಿಕಲ್ಪನೆ

‘ನಂಜು’ ಎಂಬುದು ವಿಷ ಎಂಬರ್ಥದ ಹಳೆಯ ದ್ರಾವಿಡ ಪದ. ತಮಿಳು, ಮಲಯಾಳಂಗಳಲ್ಲಿಯೂ ಇದರ ಸೋದರ ರೂಪಗಳಿವೆ. ಸಮುದ್ರಮಥನದಲ್ಲಿ ಹುಟ್ಟಿದ ಹಾಲಾಹಲವನ್ನು ಉಂಡವನು ನಂಜುಂಡ. ಅವನು ನೆಲೆಸಿದ ಊರು ನಂಜನಗೂಡು. ಇದೇ ಅರ್ಥದ ಗರಳಪುರಿ ಎಂಬ ಸಂಸ್ಕೃತ ಹೆಸರೂ ಈ ಕ್ಷೇತ್ರಕ್ಕಿದೆ. ಟಿಪ್ಪು ಸುಲ್ತಾನನ ಆನೆಯ ಕಣ್ಣಿನ ಬೇನೆ ಇಲ್ಲಿಯ ಸೇವೆಯಿಂದ ವಾಸಿಯಾಯಿತೆಂದೂ, ಆದ್ದರಿಂದ ಅವನು ಈ ದೇವರನ್ನು ‘ಹಕೀಂ ನಂಜುಂಡ’ ಎಂದು ಕರೆದು ಪಚ್ಚೆಯ ಲಿಂಗವನ್ನು ಅರ್ಪಿಸಿದನೆಂದೂ ಐತಿಹ್ಯವಿದೆ. ಕಪಿಲೆಯ ಸ್ನಾನಕ್ಕೆ ಮತ್ತು ಕ್ಷೇತ್ರದ ಮೃತ್ತಿಕೆಗೆ ರೋಗ ಕಳೆಯುವ ಗುಣವಿದೆ ಎಂಬ ನಂಬಿಕೆ ಇಂದಿಗೂ ಜೀವಂತವಾಗಿದೆ. ವೈದ್ಯನೇ ದೇವರಾಗಿರುವ ಈ ಊರಿನಲ್ಲಿ ಬಿ. ವಿ. ಪಂಡಿತರು 1913ರಲ್ಲಿ ಸದ್ವೈದ್ಯಶಾಲೆಯನ್ನು ಸ್ಥಾಪಿಸಿದ್ದು, ಅದರ ಹಲ್ಲುಪುಡಿ ನಾಡಿನಾದ್ಯಂತ ಊರಿನ ಹೆಸರಿನಿಂದಲೇ ಪ್ರಸಿದ್ಧವಾದದ್ದು ಈ ಪರಂಪರೆಯ ಮುಂದುವರಿಕೆಯಾಗಿದೆ.

ಹಳೆಯ ಮೈಸೂರು ಭಾಗದ ಆಡುಮಾತಿನಲ್ಲಿ ನಂಜು ಎಂಬುದು ಹಾವಿನ ವಿಷಕ್ಕಷ್ಟೇ ಸೀಮಿತವಾಗಿಲ್ಲ. ಗಾಯ ಕೀವಾದರೆ ‘ನಂಜಾಯಿತು’, ಬಾವು ಹರಡಿದರೆ ‘ನಂಜೇರಿತು’, ಗಾಯವಿರುವಾಗ ತಿನ್ನಬಾರದ ತರಕಾರಿ ‘ನಂಜಿನ ಪದಾರ್ಥ’. ಬದನೆ, ಕುಂಬಳದಂತಹ ಪದಾರ್ಥಗಳನ್ನು ಗಾಯಾಳುವಿಗೆ ಕೊಡದಿರುವುದು ಈ ತಿಳಿವಳಿಕೆಯಿಂದಲೇ. ಹೀಗೆ ನಂಜು ಒಂದು ನಿರ್ದಿಷ್ಟ ರೋಗದ ಹೆಸರಲ್ಲ. ದೇಹದೊಳಕ್ಕೆ ಸೇರಿ, ಒಂದು ಕಡೆ ನೆಲೆನಿಂತು, ಏರುವ ಇಳಿಯುವ ಕೆಡುಕನ್ನೆಲ್ಲ ಒಳಗೊಂಡ ವಿಶಾಲ ವರ್ಗ. ಆದ್ದರಿಂದಲೇ ಹೊಟ್ಟೆಯ ಅಥವಾ ಸೊಂಟದ ಶಸ್ತ್ರಚಿಕಿತ್ಸೆಯಾದ ಕೆಲವು ದಿನಗಳಲ್ಲಿ ಒಂದು ಕಾಲು ಮಾತ್ರ ಊದಿಕೊಂಡು, ಬಿಸಿಯಾಗಿ, ಮುಟ್ಟಿದರೆ ನೋಯುವಂತಾದಾಗ ಅದಕ್ಕೆ ಸಹಜವಾಗಿ ಒದಗುವ ವಿವರಣೆ ‘ಆಪರೇಷನ್ ನಂಜು ಕಾಲಿಗೆ ಇಳಿದಿದೆ’ ಎಂಬುದು. ಇನ್ನು ಕೆಲವರು ಇದನ್ನು ಉಳುಕು ಎಂದೂ, ವಾಯು ಎಂದೂ ತಿಳಿಯುವುದುಂಟು. ನಂಜೆಂದರೆ ಪಥ್ಯ, ಪಟ್ಟು. ಉಳುಕೆಂದರೆ ಎಣ್ಣೆ ಹಚ್ಚಿ ನೀವುವುದು. ವಾಯುವೆಂದರೆ ಕಾಯಿಸಿದ ಬಟ್ಟೆಯ ಶಾಖ. ಹೆಸರು ಹೇಗೋ ಹಾಗೆ ಉಪಚಾರ. ಒಳಗಿರುವುದು ಹೆಪ್ಪುಗಟ್ಟಿದ ರಕ್ತವಾಗಿದ್ದಲ್ಲಿ ಪಥ್ಯ ಮತ್ತು ಪಟ್ಟಿನಿಂದ ಅಮೂಲ್ಯವಾದ ದಿನಗಳು ಕಳೆದುಹೋಗುತ್ತವೆ. ಬಲವಾಗಿ ನೀವುವುದರಿಂದ ಹೆಪ್ಪು ಕಳಚಿ ಮೇಲೇರುವ ಸಂಭವವಿರುತ್ತದೆ.

ಯೂರೋಪಿನಲ್ಲಿ ಇದೇ ಬಗೆಯ ಹೆಸರಿನ ಚರಿತ್ರೆ

ಹೀಗೆ ಹೆಸರಿಸುವುದನ್ನು ಹಳ್ಳಿಗರ ಅಜ್ಞಾನವೆಂದು ತಳ್ಳಿಹಾಕುವ ಮುನ್ನ ಪಾಶ್ಚಾತ್ಯ ವೈದ್ಯಚರಿತ್ರೆಯನ್ನು ಅವಲೋಕಿಸುವುದು ಅಗತ್ಯ. ಆಳದ ಸಿರೆಯ ಹೆಪ್ಪಿನ ಮೊದಲ ದಾಖಲೆಯೆಂದು ವೈದ್ಯ ಇತಿಹಾಸಕಾರರು ಗುರುತಿಸಿರುವುದು ಒಂದು ಯಾತ್ರಾಸ್ಥಳದ ಕಥನವನ್ನೇ. 1271ರಲ್ಲಿ ಫ್ರಾನ್ಸಿನ ನಾರ್ಮಂಡಿಯ ರಾವುಲ್ ಎಂಬ ಇಪ್ಪತ್ತು ವರ್ಷದ ಯುವಕನ ಬಲಗಾಲಿನ ಮೀನಖಂಡದಲ್ಲಿ ಕಾಣಿಸಿಕೊಂಡ ಊತ ಮೇಲಕ್ಕೆ ಹಬ್ಬಿ, ಕಾಲು ಹುಣ್ಣಾಯಿತು. ವೈದ್ಯರಿಂದ ಗುಣ ಕಾಣದ ಅವನು ಸಂತ ಲೂಯಿಯ ಸಮಾಧಿಗೆ ಹೋಗಿ, ಸಮಾಧಿಯ ಕಲ್ಲಿನಡಿಯ ಧೂಳನ್ನು ಕಾಲಿಗೆ ಹಚ್ಚಿಕೊಂಡು ಗುಣಹೊಂದಿದನೆಂದು ಆ ಸಂತನ ಪವಾಡಗಳ ಹಸ್ತಪ್ರತಿ ವಿವರಿಸುತ್ತದೆ. ಕ್ಷೇತ್ರದ ಮಣ್ಣನ್ನು ಮದ್ದೆಂದು ನಂಬುವ ನಂಜನಗೂಡಿನ ಭಕ್ತರಿಗೆ ಈ ಕಥನ ಅಪರಿಚಿತವೆನಿಸದು.

ಮುಂದಿನ ಶತಮಾನಗಳಲ್ಲಿ ಹೆರಿಗೆಯ ನಂತರ ಬಿಳಿಚಿ ಊದಿಕೊಳ್ಳುವ ಕಾಲನ್ನು ಯೂರೋಪಿನ ಜನ ‘ಹಾಲುಗಾಲು’ ಎಂಬರ್ಥದ ಹೆಸರಿನಿಂದ ಕರೆದರು. ಮೊಲೆಯಲ್ಲಿ ಇಳಿಯಬೇಕಾದ ಹಾಲು ದಾರಿತಪ್ಪಿ ಕಾಲಿಗೆ ಇಳಿದಿದೆ ಎಂಬುದು ಇದರ ಹಿಂದಿನ ಕಲ್ಪನೆ. ಇದು ಸೂಲಗಿತ್ತಿಯರ ನಂಬಿಕೆ ಮಾತ್ರವಾಗಿರಲಿಲ್ಲ. ವಿದ್ಯಾವಂತ ವೈದ್ಯರೂ ಇದನ್ನು ಒಪ್ಪಿದ್ದರು. ಮ್ಯಾಂಚೆಸ್ಟರಿನ ಚಾರ್ಲ್ಸ್ ವೈಟ್ 1784ರಲ್ಲಿ ಈ ಕಾಯಿಲೆಯ ಬಗ್ಗೆ ಪ್ರತ್ಯೇಕ ಗ್ರಂಥವನ್ನೇ ಬರೆದನು. ದೋಷವಿರುವುದು ಸಿರೆಯಲ್ಲಿ ಎಂಬುದನ್ನು ಡೇವಿಡ್ ಡೇವಿಸ್ ಎಂಬ ವೈದ್ಯನು 1823ರಲ್ಲಿ ತೋರಿಸಿಕೊಟ್ಟನು. ಕಪಿಲಾ ತೀರದಲ್ಲಿ ‘ನಂಜು ಇಳಿಯಿತು’ ಎಂಬುದಕ್ಕೂ ಇಂಗ್ಲೆಂಡಿನಲ್ಲಿ ‘ಹಾಲು ಇಳಿಯಿತು’ ಎಂಬುದಕ್ಕೂ ರಚನೆಯಲ್ಲಿ ವ್ಯತ್ಯಾಸವಿಲ್ಲ. ಎರಡೂ ಕಡೆ ಜನರು ನೋಡಿದ್ದು ಸರಿಯಾಗಿಯೇ ಇದೆ: ಹೆರಿಗೆ, ಗಾಯ, ಕೊಯ್ತಗಳಾದ ಮೇಲೆ ಕಾಲು ಊದುತ್ತದೆ. ಹೆಸರಿಟ್ಟದ್ದರಲ್ಲಿ ಮಾತ್ರ ಕಾರಣ ಬೇರೆಯಾಯಿತು.

ಬರ್ಲಿನ್ನಿನ ರುಡಾಲ್ಫ್ ವಿರ್ಕೋ ತನ್ನ ಪ್ರಯೋಗಗಳ ಮೂಲಕ ಸಿರೆಯಲ್ಲಿ ಹುಟ್ಟಿದ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಸಾಗುವುದನ್ನು ವಿವರಿಸಿ, 1856ರಲ್ಲಿ ಆ ಬರಹಗಳನ್ನು ಒಟ್ಟಾಗಿ ಪ್ರಕಟಿಸಿದನು. ರಕ್ತದ ಹರಿವು ನಿಧಾನವಾಗುವುದು, ನಾಳದ ಗೋಡೆಗೆ ಪೆಟ್ಟಾಗುವುದು, ರಕ್ತವೇ ಹೆಪ್ಪುಗಟ್ಟಲು ಹೆಚ್ಚು ಅಣಿಯಾಗಿರುವುದು ಎಂಬ ಮೂರು ಕಾರಣಗಳ ಸೂತ್ರ ಅವನ ಹೆಸರಿನಲ್ಲಿ ನೆಲೆಗೊಂಡಿದೆ. ದೊಡ್ಡ ಶಸ್ತ್ರಚಿಕಿತ್ಸೆಯಲ್ಲಿ ಈ ಮೂರೂ ಒಟ್ಟಿಗೆ ಸೇರುತ್ತವೆ. ರೋಗಿ ಗಂಟೆಗಟ್ಟಲೆ ಅಲುಗದೆ ಮಲಗಿರುತ್ತಾನೆ. ಅಂಗಾಂಶಗಳ ಜೊತೆಗೆ ನಾಳಗಳಿಗೂ ಪೆಟ್ಟಾಗುತ್ತದೆ. ಗಾಯದ ರಕ್ತಸ್ರಾವವನ್ನು ನಿಲ್ಲಿಸಲು ದೇಹವು ರಕ್ತದ ಹೆಪ್ಪುಗಟ್ಟುವ ಗುಣವನ್ನು ಹೆಚ್ಚಿಸಿಕೊಳ್ಳುತ್ತದೆ.

ಹೆಪ್ಪು: ಅಡುಗೆಮನೆಯ ಪದದ ಅರಿವು

ಇಲ್ಲಿ ಕನ್ನಡದ ‘ಹೆಪ್ಪು’ ಎಂಬ ಪದದತ್ತ ಗಮನ ಹರಿಸಬೇಕು. ಹಾಲನ್ನು ಮೊಸರಾಗಿಸಲು ಬಿಡುವ ಚಮಚೆಯಷ್ಟು ಮೊಸರಿಗೆ ಹೆಪ್ಪು ಎಂದು ಹೆಸರು. ರಕ್ತ ಗಟ್ಟಿಯಾಗುವುದನ್ನೂ ಕನ್ನಡ ನುಡಿ ‘ಹೆಪ್ಪುಗಟ್ಟು’ ಎಂದೇ ಕರೆದಿದೆ. ಹಾಲು ಹದವಾಗಿ ಬೆಚ್ಚಗಿರಬೇಕು, ಹೆಪ್ಪು ಬಿದ್ದಿರಬೇಕು, ಎಲ್ಲಕ್ಕಿಂತ ಮಿಗಿಲಾಗಿ ಪಾತ್ರೆಯನ್ನು ಅಲುಗಿಸದೆ ಇಟ್ಟಿರಬೇಕು. ಕದಡಿದ ಹಾಲು ಗಟ್ಟಿ ಮೊಸರಾಗದು ಎಂಬುದು ಪ್ರತಿ ಮನೆಯ ಹೆಣ್ಣುಮಕ್ಕಳಿಗೂ ತಿಳಿದ ವಿಷಯ. ರಕ್ತ ಹೆಪ್ಪುಗಟ್ಟುವುದು ಮೊಸರಾಗುವುದಕ್ಕಿಂತ ಬೇರೆಯಾದ ಕ್ರಿಯೆ. ಆದರೂ ನಿಶ್ಚಲತೆ ಅದಕ್ಕೆ ಅನುಕೂಲಕರ ಎಂಬ ಮುಖ್ಯ ಅಂಶ ಈ ಪದದ ಬಳಕೆಯಲ್ಲಿಯೇ ಅಡಗಿದೆ. ‘ನಿಂತ ನೀರು ಕೊಳೆಯುತ್ತದೆ’ ಎಂಬ ನುಡಿಯಲ್ಲಿರುವುದೂ ಇದೇ ಅನುಭವ. ಕಾಲಿನ ಸಿರೆಗಳ ರಕ್ತವನ್ನು ಮೇಲಕ್ಕೆ ತಳ್ಳುವುದು ಮುಖ್ಯವಾಗಿ ಮೀನಖಂಡದ ಸ್ನಾಯುಗಳು. ನಡೆದಾಗ, ಪಾದವನ್ನು ಮೇಲೆ ಕೆಳಗೆ ಆಡಿಸಿದಾಗ ಅವು ಹಿಂಡಿದಂತಾಗಿ ರಕ್ತ ಮೇಲೇರುತ್ತದೆ. ಮಲಗಿಯೇ ಇದ್ದಾಗ ಸಿರೆಯ ಕವಾಟಗಳ ಹಿಂದೆ ರಕ್ತ ಮಡುಗಟ್ಟುತ್ತದೆ.

ಮಲಗಿಸುವ ಸಂಪ್ರದಾಯ

ಈ ಸೀಮೆಯ ಮನೆಗಳಲ್ಲಿ ಶಸ್ತ್ರಚಿಕಿತ್ಸೆಯಾದವರ ಆರೈಕೆಗೆ ಮಾದರಿಯಾದದ್ದು ಬಾಣಂತನ. ಆಸ್ಪತ್ರೆಯ ಆಪರೇಷನ್ ಹಳ್ಳಿಯ ಬದುಕಿಗೆ ಹೊಸದಾದರೂ, ದೇಹ ಹರಿದು, ರಕ್ತ ಹೋಗಿ, ನಿಶ್ಶಕ್ತಿಯಿಂದ ಮಲಗಿದವರನ್ನು ನೋಡಿಕೊಳ್ಳುವ ಬಲ್ಲವಿಕೆ ಮನೆಯ ಹಿರಿಯ ಹೆಂಗಸರಲ್ಲಿ ಮೊದಲೇ ಇತ್ತು. ಬೆಚ್ಚನೆಯ ಕೋಣೆ, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಬಿಸಿನೀರಿನ ಸ್ನಾನ, ಮೆಣಸು ಬೆಳ್ಳುಳ್ಳಿಯ ಪಥ್ಯ, ಅಳತೆಯ ನೀರು, ತಿಂಗಳುಗಟ್ಟಲೆ ವಿಶ್ರಾಂತಿ ಇವು ಬಾಣಂತನದ ಅಂಗಗಳು. ನೀರು ಹೆಚ್ಚು ಕುಡಿದರೆ ಹೊಟ್ಟೆ ದಪ್ಪವಾಗುತ್ತದೆ, ಹೊಲಿಗೆ ಕೀವಾಗುತ್ತದೆ, ಶೀತವಾಗುತ್ತದೆ ಎಂಬ ನಂಬಿಕೆಗಳು ಇದರೊಡನೆ ಬೆಸೆದುಕೊಂಡಿವೆ. ಸಿಸೇರಿಯನ್, ಗರ್ಭಕೋಶದ ಶಸ್ತ್ರಚಿಕಿತ್ಸೆ, ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆ ಇವುಗಳಿಗೆಲ್ಲ ಇದೇ ವಿಧಿಗಳು ಹೆಚ್ಚು ಕಡಿಮೆಯಾಗಿ ವಿಸ್ತರಿಸಿರುವುದು ಕಂಡುಬರುತ್ತದೆ.

ಈ ಸಂಪ್ರದಾಯಕ್ಕೆ ತನ್ನದೇ ಆದ ಸಾಮಾಜಿಕ ನ್ಯಾಯವಿತ್ತು. ನಾಟಿ, ಕಳೆ, ಕುಯ್ಲುಗಳಲ್ಲಿ ಬೆನ್ನು ಬಗ್ಗಿಸಿ ದುಡಿಯುವ, ನೀರು ಹೊರುವ, ಬೀಸುವ ಕುಟ್ಟುವ ಹೆಣ್ಣಿಗೆ ಬಾಣಂತನವೆಂಬುದು ಸಮಾಜ ಒಪ್ಪಿದ ಏಕೈಕ ದೀರ್ಘ ವಿರಾಮ. ಅವಳನ್ನು ಏಳಗೊಡದಿರುವುದೆಂದರೆ ಅವಳನ್ನು ದುಡಿಮೆಯಿಂದ ಕಾಯುವುದು ಎಂದೇ ಅರ್ಥ. ಈ ವಿವೇಕವನ್ನು ಕಡೆಗಣಿಸಿ ಸಂಪ್ರದಾಯವನ್ನು ಹಳಿಯುವುದು ಸಲ್ಲದು.

ಇನ್ನೊಂದು ಸಂಗತಿಯನ್ನೂ ಇಲ್ಲಿ ಗಮನಿಸಬೇಕು. ಮೈಸೂರು ಸೀಮೆಗೆ ಆಧುನಿಕ ಶಸ್ತ್ರವೈದ್ಯ ಬೇರೂರಿದ ಕಾಲದಲ್ಲಿ ಆಸ್ಪತ್ರೆಯ ಮಾತೂ ಇದೇ ಆಗಿತ್ತು. ಮೈಸೂರಿನಲ್ಲಿ ಮಿಷನರಿಗಳ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1906ರಲ್ಲಿ ಆರಂಭವಾಯಿತು. 1924ರಲ್ಲಿ ಬೆಂಗಳೂರಿನಲ್ಲಿ ಪ್ರಾರಂಭವಾದ ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಬಂದು ಕೃಷ್ಣರಾಜೇಂದ್ರ ಆಸ್ಪತ್ರೆಯೊಡನೆ ಬೆಳೆಯಿತು. ನಂಜನಗೂಡು, ನರಸೀಪುರಗಳ ಜನ ದೊಡ್ಡ ಶಸ್ತ್ರಚಿಕಿತ್ಸೆಗಾಗಿ ತಲೆಮಾರುಗಳಿಂದ ಆಶ್ರಯಿಸಿರುವುದು ಮೈಸೂರಿನ ಇಂತಹ ಆಸ್ಪತ್ರೆಗಳನ್ನೇ. ಆ ದಶಕಗಳಲ್ಲಿ ಶಸ್ತ್ರಚಿಕಿತ್ಸೆಯಾದ ರೋಗಿಯನ್ನು ಎರಡು ಮೂರು ವಾರ ಹಾಸಿಗೆಯಲ್ಲಿಯೇ ಇರಿಸುವುದು ಪ್ರಪಂಚದಾದ್ಯಂತ ರೂಢಿಯಲ್ಲಿದ್ದ ವೈದ್ಯಕೀಯ ಪದ್ಧತಿ. ರೋಗಿಗಳನ್ನು ಬೇಗ ಎಬ್ಬಿಸಬಹುದೆಂದು ಷಿಕಾಗೋದ ಎಮಿಲ್ ರೀಸ್ 1899ರಲ್ಲಿಯೇ ಹೇಳಿದ್ದರೂ ಅದಕ್ಕೆ ಮನ್ನಣೆ ದೊರೆತದ್ದು 1940ರ ದಶಕದಲ್ಲಿ. 1947ರಲ್ಲಿ ಇಂಗ್ಲೆಂಡಿನ ರಿಚರ್ಡ್ ಆಷರ್ ಹಾಸಿಗೆ ಹಿಡಿಯುವುದರ ಅಪಾಯಗಳನ್ನು ಕುರಿತು ಬರೆದ ಲೇಖನ ಈ ಪರಿವರ್ತನೆಯ ಪ್ರಸಿದ್ಧ ಗುರುತು. ಹೀಗೆ ಹಳ್ಳಿಯ ಅಜ್ಜಿಯೂ ಪಟ್ಟಣದ ಸರ್ಜನ್ನರೂ ‘ಏಳಬೇಡ’ ಎಂದು ಒಂದೇ ದನಿಯಲ್ಲಿ ಹೇಳಿದ ಕಾಲವೊಂದಿತ್ತು. ಆ ಬಳಿಕ ಆಸ್ಪತ್ರೆ ತನ್ನ ಮಾತನ್ನು ಬದಲಿಸಿ, ಮರುದಿನವೇ ಎದ್ದು ನಡೆಯಬೇಕೆಂದಿತು. ಬದಲಾದ ಆಜ್ಞೆ ಹಳ್ಳಿಗೆ ಮುಟ್ಟಿತು. ಅದರ ಹಿಂದಿನ ಕಾರಣ ಮುಟ್ಟಲಿಲ್ಲ. ಕಾರಣ ತಿಳಿಯದ ಆಜ್ಞೆ ಆಸ್ಪತ್ರೆಯ ಗೇಟಿನವರೆಗೆ ಮಾತ್ರ ನಡೆಯುತ್ತದೆ.

ನೀರಿನ ಮಿತಿಯ ವಿಚಾರದಲ್ಲಿಯೂ ಇಂತಹುದೇ ಪಾಠವಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನರವೈದ್ಯರು 1980 ಮತ್ತು 1990ರ ದಶಕಗಳಲ್ಲಿ ಬಾಣಂತಿಯರ ಮೆದುಳಿನ ಸಿರೆಗಳಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ವಿಸ್ತಾರವಾಗಿ ಅಧ್ಯಯನ ಮಾಡಿದರು. ಹೆರಿಗೆಯಿಂದಲೇ ರಕ್ತದ ಹೆಪ್ಪುಗಟ್ಟುವ ಗುಣ ಹೆಚ್ಚಿರುವಾಗ ದೇಹದಲ್ಲಿ ನೀರು ಕಡಿಮೆಯಾಗುವುದು ಅಪಾಯವನ್ನು ಹೆಚ್ಚಿಸುವ ಅಂಶವೆಂದು ವೈದ್ಯರು ಪರಿಗಣಿಸುತ್ತಾರೆ. ಜನಪದರು ‘ಬಾಣಂತಿ ಸನ್ನಿ’ ಎಂದು ಕರೆದ ತಲೆನೋವು, ಸೆಳವು, ಮಂಪರುಗಳ ಗುಂಪಿನಲ್ಲಿ ಇಂತಹ ಪ್ರಕರಣಗಳೂ ಸೇರಿದ್ದವೆಂದು ಊಹಿಸಲು ಅವಕಾಶವಿದೆ. ನಂಜಿನಂತೆಯೇ ಸನ್ನಿಯೂ ಹಲವು ಕಾಯಿಲೆಗಳನ್ನು ಒಳಗೊಂಡ ಒಂದು ಹೆಸರು.

ಮೂರನೆಯ ವಾರ

ಆಳದ ಸಿರೆಯ ಹೆಪ್ಪು ಎಷ್ಟು ಸಾಮಾನ್ಯವೆಂಬುದು ಬಹುಕಾಲ ತಿಳಿದಿರಲಿಲ್ಲ. ಏಕೆಂದರೆ ಬಹಳಷ್ಟು ಪ್ರಕರಣಗಳಲ್ಲಿ ಊತವಾಗಲಿ ನೋವಾಗಲಿ ಕಾಣಿಸದು. ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿದ್ದ ಭಾರತೀಯ ಮೂಲದ ಶಸ್ತ್ರವೈದ್ಯ ವಿ. ವಿ. ಕಾಕ್ಕರ್ ಮತ್ತು ಸಂಗಡಿಗರು 1969ರಲ್ಲಿ ವಿಕಿರಣಶೀಲ ಫೈಬ್ರಿನೋಜನ್ ಬಳಸಿ ಶಸ್ತ್ರಚಿಕಿತ್ಸೆಯಾದ 132 ರೋಗಿಗಳನ್ನು ಪರೀಕ್ಷಿಸಿದಾಗ 40 ಮಂದಿಯ ಕಾಲುಗಳಲ್ಲಿ ಹೆಪ್ಪು ಕಂಡುಬಂದಿತು. 1916ರಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯವಿದ್ಯಾರ್ಥಿಯ ಪ್ರಯೋಗಗಳಿಂದ ಹೊರಬಂದ ಹೆಪರಿನ್ ಎಂಬ ಮದ್ದನ್ನು ಅಲ್ಪ ಪ್ರಮಾಣದಲ್ಲಿ ಕೊಟ್ಟರೆ ಈ ಅಪಾಯ ತಗ್ಗುವುದೆಂಬುದನ್ನು 1975ರಲ್ಲಿ ಪ್ರಕಟವಾದ ಕಾಕ್ಕರ್ ನೇತೃತ್ವದ ಬಹುರಾಷ್ಟ್ರೀಯ ಪರೀಕ್ಷೆ ತೋರಿಸಿತು. ಅದರಲ್ಲಿ ಭಾಗವಹಿಸಿದ 4,121 ರೋಗಿಗಳ ಪೈಕಿ ಶ್ವಾಸಕೋಶಕ್ಕೆ ಹೆಪ್ಪು ಸೇರಿ ಸತ್ತವರು ಮದ್ದಿಲ್ಲದ ಗುಂಪಿನಲ್ಲಿ 16 ಮಂದಿ, ಮದ್ದು ಪಡೆದ ಗುಂಪಿನಲ್ಲಿ 2 ಮಂದಿ.

ಶುಶ್ರೂಷೆಯ ಚರಿತ್ರೆಗೆ ಇನ್ನೂ ಮುಖ್ಯವಾದದ್ದು ಅಪಾಯದ ಕಾಲಾವಧಿ. ಬ್ರಿಟನ್ನಿನ 9,47,454 ಮಹಿಳೆಯರ ಮಾಹಿತಿಯನ್ನಾಧರಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಆಸ್ಪತ್ರೆಯಲ್ಲಿ ಉಳಿದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ 140ಕ್ಕೆ ಒಬ್ಬರು, ಸೊಂಟ ಅಥವಾ ಮಂಡಿಯ ಕೀಲು ಬದಲಿಸಿಕೊಂಡವರಲ್ಲಿ 45ಕ್ಕೆ ಒಬ್ಬರು ಹನ್ನೆರಡು ವಾರಗಳೊಳಗೆ ಹೆಪ್ಪಿನ ಕಾರಣದಿಂದ ಆಸ್ಪತ್ರೆಗೆ ಮರಳಿದರು ಅಥವಾ ಮೃತರಾದರು. ಶಸ್ತ್ರಚಿಕಿತ್ಸೆಯಿಲ್ಲದ ಮಹಿಳೆಯರಲ್ಲಿ ಅಷ್ಟೇ ಅವಧಿಗೆ ಈ ಪ್ರಮಾಣ 6,200ಕ್ಕೆ ಒಬ್ಬರು. ಅಪಾಯವು ಶಿಖರ ಮುಟ್ಟಿದ್ದು ಶಸ್ತ್ರಚಿಕಿತ್ಸೆಯಾದ ಮೂರನೆಯ ವಾರದಲ್ಲಿ. ಅಷ್ಟರಲ್ಲಿ ರೋಗಿ ಆಸ್ಪತ್ರೆಯಲ್ಲಿರುವುದಿಲ್ಲ. ಮನೆಯ ನಡುಮನೆಯಲ್ಲಿ, ಅತ್ತೆ, ತಾಯಿ, ಸೊಸೆಯರ ಆರೈಕೆಯಲ್ಲಿರುತ್ತಾನೆ ಅಥವಾ ಇರುತ್ತಾಳೆ. ಹೊಲಿಗೆ ಬಿಚ್ಚಿಸಿ ಬಂದು, ಇನ್ನು ಗಂಡಾಂತರ ಕಳೆಯಿತೆಂದು ಮನೆಮಂದಿ ನಿಟ್ಟುಸಿರು ಬಿಡುವ ಸಮಯವೂ ಅದೇ. ಶಸ್ತ್ರವೈದ್ಯದ ಚರಿತ್ರೆ ಇಲ್ಲಿ ಜನಪದದ ಚರಿತ್ರೆಯೊಳಕ್ಕೆ ಕಾಲಿಡುತ್ತದೆ.

ಭಾರತೀಯರಲ್ಲಿ ಈ ತೊಂದರೆ ವಿರಳ ಎಂಬ ಅಭಿಪ್ರಾಯ ವೈದ್ಯರಲ್ಲಿಯೂ ಬಹುಕಾಲ ಇತ್ತು. ಭಾರತವೂ ಸೇರಿ 32 ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2008ರಲ್ಲಿ ಪ್ರಕಟವಾದ ಎಂಡಾರ್ಸ್ ಸಮೀಕ್ಷೆ ಮತ್ತು 2012ರಲ್ಲಿ ಹೊರಬಂದ ಅದರ ಭಾರತದ ವಿವರಗಳು ಈ ಅಭಿಪ್ರಾಯವನ್ನು ಅಲುಗಿಸಿದವು. ಇಲ್ಲಿಯ ಆಸ್ಪತ್ರೆಗಳ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಪಾಯದ ವರ್ಗದಲ್ಲಿದ್ದರು; ಅವರಲ್ಲಿ ಶಿಫಾರಸಿನಂತೆ ಮುನ್ನೆಚ್ಚರಿಕೆ ಪಡೆದವರು ಐದನೆಯ ಒಂದು ಪಾಲಿಗಿಂತಲೂ ಕಡಿಮೆ. ಆದ್ದರಿಂದ ಕೊರತೆಯನ್ನು ಹಳ್ಳಿಯ ನಂಬಿಕೆಯ ತಲೆಗೆ ಮಾತ್ರ ಕಟ್ಟಲಾಗದು.

ನಂಜಿನ ಮಾದರಿಯಲ್ಲಿರುವ ದಾರಿ

ಹಾಗಾದರೆ ನಂಜೆಂಬ ಪರಿಕಲ್ಪನೆಯನ್ನು ಕೈಬಿಡಬೇಕೆ? ಜನಪದ ಅಧ್ಯಯನದ ದೃಷ್ಟಿಯಿಂದ ಉತ್ತರ ಬೇರೆಯೇ ಆಗಿದೆ. ಹಾವು ಕಚ್ಚಿದ ಸಂದರ್ಭದ ನಂಜಿನ ತಿಳಿವಳಿಕೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ನಂಜು ಕಾಲಿನಲ್ಲಿ ಸೇರುತ್ತದೆ, ಮೇಲಕ್ಕೆ ಏರುತ್ತದೆ, ಎದೆಗೆ ಮುಟ್ಟಿದರೆ ಜೀವ ಹೋಗುತ್ತದೆ. ಆದ್ದರಿಂದ ಕಚ್ಚಿಸಿಕೊಂಡವರನ್ನು ಓಡಾಡಿಸಬಾರದು, ಕಾಲನ್ನು ಉಜ್ಜಬಾರದು, ತಡಮಾಡಬಾರದು. ಕಾಲಿನ ಸಿರೆಯಿಂದ ಶ್ವಾಸಕೋಶಕ್ಕೆ ಸಾಗುವ ಹೆಪ್ಪಿನ ದಾರಿಯೂ ಕಾಲಿನಿಂದ ಎದೆಗೇ. ಕಣ್ಣಿಗೆ ಕಾಣದ ಕೆಡುಕೊಂದು ಕಾಲಿನಿಂದ ಹೊರಟು ಎದೆಯಲ್ಲಿ ಕೊಲ್ಲಬಲ್ಲದು ಎಂಬುದನ್ನು ಈ ಸೀಮೆಯ ಯಾವ ರೈತನಿಗೂ ಹೊಸದಾಗಿ ಕಲಿಸಬೇಕಾಗಿಲ್ಲ. ಆಪರೇಷನ್ನಿನ ನಂತರ ಊದಿದ ಕಾಲನ್ನು ಕಾಲಿಗಿಳಿದ ನಂಜೆನ್ನದೆ ಕಾಲಿನಿಂದ ಏರುವ ನಂಜೆಂದು ತಿಳಿಸಿದರೆ, ನೀವುವ ಕೈ ತಾನಾಗಿಯೇ ನಿಲ್ಲುತ್ತದೆ. ಗಾಡಿ ಆಸ್ಪತ್ರೆಯ ಕಡೆ ತಿರುಗುತ್ತದೆ. ಒಂದು ಕಾಲು ಮಾತ್ರ ಊದುವುದು, ಮೀನಖಂಡದ ನೋವು, ಇದ್ದಕ್ಕಿದ್ದಂತೆ ಉಬ್ಬಸ, ಎದೆನೋವು, ಕೆಮ್ಮಿನಲ್ಲಿ ರಕ್ತ ಇವು ತಡಮಾಡಬಾರದ ಲಕ್ಷಣಗಳು. ಹೆಪ್ಪು ಮೂಡುವ ಮೊದಲು ನಡೆದಾಟ ರಕ್ಷಣೆ. ಕಾಲು ಊದಿದ ಮೇಲೆ ವೈದ್ಯರ ಪರೀಕ್ಷೆಯೇ ಮೊದಲು.

ನಂಜೇ ಮದ್ದಾಗುವ ತಿಳಿವಳಿಕೆಯೂ ಇಲ್ಲಿ ಅಪರಿಚಿತವಲ್ಲ. ಹೆಪ್ಪನ್ನು ತಡೆಯಲು ಬಳಸುವ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂದು, 1954ರಲ್ಲಿ ಮನುಷ್ಯರ ಔಷಧಿಯಾಯಿತು. ನಾಟಿ ವೈದ್ಯದಲ್ಲಿ ಕೆಟ್ಟ ರಕ್ತ ತೆಗೆಯಲು ಬಳಸುತ್ತಿದ್ದ ಜಿಗಣೆಯ ಲಾಲಾರಸ ರಕ್ತವನ್ನು ಹೆಪ್ಪುಗಟ್ಟಗೊಡದು ಎಂಬುದನ್ನು ಜಾನ್ ಹೇಕ್ರಾಫ್ಟ್ 1884ರಲ್ಲಿ ತೋರಿಸಿದ್ದನು. ಅಳತೆ ಮೀರಿದರೆ ನಂಜು, ಅಳತೆಯಲ್ಲಿದ್ದರೆ ಮದ್ದು. ಆದ್ದರಿಂದಲೇ ಇಂತಹ ಮದ್ದುಗಳನ್ನು ವೈದ್ಯರ ಅಳತೆಯಿಲ್ಲದೆ ಕೊಡುವಂತಿಲ್ಲ.

ಹರಕೆ ಮತ್ತು ನಡಿಗೆ

ಈ ಸೀಮೆಯ ಹರಕೆಗಳ ಸ್ವರೂಪವೂ ಗಮನಾರ್ಹ. ನಂಜುಂಡೇಶ್ವರನಿಗೆ ಉರುಳುಸೇವೆ, ಪ್ರದಕ್ಷಿಣೆ, ತುಲಾಭಾರ. ತಿರುಮಕೂಡಲಿನಲ್ಲಿ ಕಾವೇರಿ ಕಪಿಲೆಯರ ಸಂಗಮಸ್ನಾನ, ಅಲ್ಲಿ 1989ರಿಂದ ನಡೆದುಬಂದಿರುವ ಕುಂಭಮೇಳ. ಮುಡುಕುತೊರೆಯ ಮಲ್ಲಿಕಾರ್ಜುನನ ಬೆಟ್ಟವನ್ನು ಹತ್ತುವುದು. ಮಲೆಯ ಮಾದೇಶ್ವರನಿಗೆ ಕಾಲ್ನಡಿಗೆಯಲ್ಲಿ ಹೋಗುವುದು. ಇವುಗಳಲ್ಲಿ ಹೆಚ್ಚಿನವು ಚಲನೆಯ ಸೇವೆಗಳು. ‘ಎದ್ದು ಓಡಾಡುವಂತಾದರೆ ನಿನ್ನ ಸನ್ನಿಧಿಗೆ ಬರುತ್ತೇವೆ’ ಎಂಬುದು ಕಾಯಿಲೆಯ ಹರಕೆಯ ಸಾಮಾನ್ಯ ಒಕ್ಕಣೆ. ಕಾಯಿಲೆಯವರ ಕ್ಷೇಮ ವಿಚಾರಿಸಿದಾಗ ದೊರೆಯುವ ಅತ್ಯುತ್ತಮ ಉತ್ತರವೂ ‘ಎದ್ದು ಓಡಾಡುತ್ತಿದ್ದಾರೆ’ ಎಂಬುದೇ. ಜನಪದರ ಮಾತಿನಲ್ಲಿ ಆರೋಗ್ಯವೆಂದರೆ ನಡಿಗೆ. ಆದರೆ ಈ ನಡಿಗೆಯನ್ನು ಗುಣವಾದ ಮೇಲಿನ ಫಲವೆಂದು ಸಂಪ್ರದಾಯ ಭಾವಿಸಿದೆ; ಗುಣವಾಗುವ ದಾರಿಯೂ ಅದೇ ಎಂಬ ಅರಿವು ಮಾತ್ರ ಇದಕ್ಕೆ ಸೇರಬೇಕಾಗಿದೆ. ನಡುಮನೆಯಿಂದ ಹಿತ್ತಲಿನವರೆಗೆ ಬಾಣಂತಿ ಇಡುವ ಹತ್ತು ಹೆಜ್ಜೆ ದುಡಿಮೆಯಲ್ಲ, ಪಥ್ಯದ ಒಂದು ಭಾಗ ಎಂದಾಗ ಅವಳಿಗೆ ಸಲ್ಲಬೇಕಾದ ವಿಶ್ರಾಂತಿಗೂ ಭಂಗ ಬಾರದು.

ಒಟ್ಟಿನಲ್ಲಿ, ಶಸ್ತ್ರಚಿಕಿತ್ಸೆಯ ನಂತರದ ಹೆಪ್ಪಿನ ಅಪಾಯವು ವೈದ್ಯಶಾಸ್ತ್ರದ ಸಂಗತಿಯಾಗಿರುವಷ್ಟೇ ಭಾಷೆಯ ಮತ್ತು ರೂಢಿಯ ಸಂಗತಿಯೂ ಆಗಿದೆ. ಯೂರೋಪು ‘ಹಾಲುಗಾಲು’ ಎಂಬ ಹೆಸರಿನಿಂದ ಬಿಡುಗಡೆ ಹೊಂದಲು ಶತಮಾನವೇ ಬೇಕಾಯಿತು. ನಂಜನಗೂಡು ಮತ್ತು ತಿರುಮಕೂಡಲು ಸೀಮೆಯ ಜನರಿಗೆ ಅಷ್ಟು ದೂರ ಹೋಗಬೇಕಾದ ಅಗತ್ಯವಿಲ್ಲ. ಅಲುಗದೆ ಇಟ್ಟದ್ದು ಹೆಪ್ಪುಗಟ್ಟುತ್ತದೆ ಎಂಬುದು ಅವರ ಅಡುಗೆಮನೆಯಲ್ಲಿಯೂ, ಕಾಲಿಗೆ ಸೇರಿದ ನಂಜು ಎದೆಗೆ ಏರುತ್ತದೆ ಎಂಬುದು ಅವರ ಹೊಲಗದ್ದೆಯಲ್ಲಿಯೂ ನೆಲೆಗೊಂಡ ತಿಳಿವಳಿಕೆ. ಆಸ್ಪತ್ರೆಯಿಂದ ಮನೆಗೆ ಕಳುಹಿಸುವಾಗ ವೈದ್ಯರೂ ದಾದಿಯರೂ ಆಡುವ ಮಾತು ಈ ಎರಡು ಪದಗಳನ್ನು ಬಳಸಿಕೊಂಡಲ್ಲಿ, ಮೂರನೆಯ ವಾರದ ನಡುಮನೆಯಲ್ಲಿಯೂ ಆ ಮಾತಿಗೆ ಕಿವಿಗೊಡುವವರು ಇರುತ್ತಾರೆ.